ಕೊನೆಯಿಂದ ಬರೆದ ಸೀಸನ್: ಗ್ರೀನ್ ಬೇ, 1959

1958ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಆಡಿದ್ದು ಹನ್ನೆರಡು ಪಂದ್ಯ. ಗೆದ್ದದ್ದು ಒಂದು, ಸೋತದ್ದು ಹತ್ತು, ಸಮವಾದದ್ದು ಒಂದು. ನವೆಂಬರ್ 2ರಂದು ಬಾಲ್ಟಿಮೋರ್ ಕೋಲ್ಟ್ಸ್ ಎದುರು 56-0. ಅದೇ ಊರಲ್ಲಿ ಹುಟ್ಟಿ ಮುಂದೆ ಅಮೆರಿಕದ ದೊಡ್ಡ ಕ್ರೀಡಾ ಅಂಕಣಕಾರನಾದ ರೆಡ್ ಸ್ಮಿತ್, ಇಂಗ್ಲಿಷಿನ ಒಂದೇ ಕ್ರಿಯಾಪದಕ್ಕೆ ಮೂರು ವೇಷ ತೊಡಿಸಿ ಈ ಲೆಕ್ಕದ ಮೇಲೊಂದು ಚಾಟೋಕ್ತಿ ಹೊಸೆದ. ಕನ್ನಡಕ್ಕೆ ತಂದರೆ ಅದರ ಜೀವ ಹೋಗುತ್ತದೆ, ಬಿಡುತ್ತೇನೆ. ಮರುವರ್ಷ ವಿನ್ಸ್ ಲೊಂಬಾರ್ಡಿ ಎಂಬ ಹೊಸ ಕೋಚ್ ಬಂದ. ತಂಡ ಏಳು ಗೆದ್ದು ಐದು ಸೋತಿತು. 1947ರ ನಂತರ ಸೋಲಿಗಿಂತ ಗೆಲುವು ಹೆಚ್ಚಾದ ಮೊದಲ ವರ್ಷ ಅದು.

ಅಮೆರಿಕದ ಕ್ರೀಡಾ ಬರವಣಿಗೆಯಲ್ಲಿ ಇಷ್ಟು ಬಾರಿ ಹೇಳಿಸಿಕೊಂಡ ಕಥೆ ಇನ್ನೊಂದು ಇರಲಾರದು. ಜೀವನಚರಿತ್ರೆಯಾಗಿ, ಆಟಗಾರರ ನೆನಪುಗಳಾಗಿ, 2010ರಲ್ಲಿ ಬ್ರಾಡ್‌ವೇ ನಾಟಕವಾಗಿಯೂ ಅದು ಬಂದಿದೆ. ನನ್ನ ಸಂಶೋಧನೆ ಜೀವನಚರಿತ್ರೆಗಳ ನಿರೂಪಣೆಯನ್ನು ಕುರಿತದ್ದು. ಆಟದ ಮೇಲಿನ ಮೋಹ ನನ್ನನ್ನು ಈ ಪುಸ್ತಕಗಳ ಹತ್ತಿರ ತರಲಿಲ್ಲ. ತಂದದ್ದು ಒಂದು ಅನುಮಾನ. ಎಷ್ಟು ಜನ ಹೇಳಿದರೂ ಈ ಕಥೆ ಅದೇ ತಿರುವುಗಳಲ್ಲಿ ಯಾಕೆ ತಿರುಗುತ್ತದೆ? ಅಸ್ತವ್ಯಸ್ತ ತಂಡ, ಕಠಿಣ ಗುರು, ಮೊದಲ ದಿನದ ಮಾತು, ಬೆವರು, ಉದ್ಧಾರ. ಇದು ಕಥೆಯ ಸಹಜ ಆಕಾರವೋ, ಅಥವಾ ಮುಂದೆ ಬಂದ ಐದು ಚಾಂಪಿಯನ್‌ಶಿಪ್‌ಗಳು 1959ರ ಮೇಲೆ ಹೊದಿಸಿದ ಆಕಾರವೋ?

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಇಲ್ಲವೆ ಎಸೆಯುವುದು. ಹನ್ನೊಂದು ಜನರ ಎದುರು ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಪ್ರತಿ ಪ್ರಯತ್ನಕ್ಕೂ ಆಟ ನಿಂತು ಮತ್ತೆ ಶುರುವಾಗುತ್ತದೆ, ಹಾಗಾಗಿ ಪ್ರತಿಯೊಂದನ್ನೂ ಮೊದಲೇ ಕಾಗದದ ಮೇಲೆ ಬರೆದಿಡಬಹುದು. ಕೋಚ್ ಎಂಬವನು ಈ ಆಟದಲ್ಲಿ ಅಷ್ಟು ದೊಡ್ಡವನಾಗಲು ಇದೇ ಕಾರಣ. ಅವನು ಅರ್ಧ ನಾಟಕಕಾರ.

ಊರೂ ವಿಚಿತ್ರ. 1960ರ ಜನಗಣತಿಯಲ್ಲಿ ಗ್ರೀನ್ ಬೇಯ ಜನಸಂಖ್ಯೆ ಸುಮಾರು 63 ಸಾವಿರ. ನ್ಯೂಯಾರ್ಕ್, ಶಿಕಾಗೊಗಳ ತಂಡಗಳಿಗೆ ಒಡೆಯರಿದ್ದರೆ ಇಲ್ಲಿ ಊರಿನವರೇ ಷೇರು ಕೊಂಡು ತಂಡ ನಡೆಸುತ್ತಿದ್ದರು, ಲಾಭಾಂಶವಿಲ್ಲದ ಷೇರು. 1919ರಲ್ಲಿ ತಂಡ ಕಟ್ಟಿದಾಗ ಸಮವಸ್ತ್ರಕ್ಕೆ ದುಡ್ಡು ಕೊಟ್ಟದ್ದು ಮಾಂಸವನ್ನು ಡಬ್ಬಿಗೆ ತುಂಬುವ ಒಂದು ಕಂಪನಿ. 'ಪ್ಯಾಕರ್ಸ್' ಎಂಬ ಹೆಸರು ಅಲ್ಲಿಂದ ಬಂತು. ಇಂಥ ಊರಿನಲ್ಲಿ ತಂಡ ಸೋತರೆ ಸೋಲು ಕಟಿಂಗ್ ಶಾಪಿನಿಂದ ಚರ್ಚಿನವರೆಗೂ ನಡೆದುಬರುತ್ತದೆ.

1958ರ ಕೋಚ್ ರೇ ಮೆಕ್ಲೀನ್. ಹುಡುಗರೊಂದಿಗೆ ಇಸ್ಪೀಟಾಡುತ್ತಿದ್ದ ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ಅಷ್ಟನ್ನೇ ಹೇಳುತ್ತಾರೆ. ಈ ಕಥೆಯಲ್ಲಿ ಒಳ್ಳೆಯತನಕ್ಕೆ ಇರುವುದು ಒಂದೇ ಕೆಲಸ: ಕಾಠಿಣ್ಯ ಪ್ರವೇಶಿಸಲು ಬಾಗಿಲು ತೆರೆದು ಪಕ್ಕಕ್ಕೆ ಸರಿಯುವುದು. ಮೆಕ್ಲೀನ್ ರಾಜೀನಾಮೆ ಕೊಟ್ಟು ಡೆಟ್ರಾಯಿಟ್‌ಗೆ ಸಹಾಯಕನಾಗಿ ಹೋದ, 1964ರಲ್ಲಿ ತೀರಿಕೊಂಡ. ಅವನ ಬಗ್ಗೆ ನಾಟಕ ಬರಲಿಲ್ಲ.

ಡೇವಿಡ್ ಮರನಿಸ್ ಅವರ 'ವೆನ್ ಪ್ರೈಡ್ ಸ್ಟಿಲ್ ಮ್ಯಾಟರ್ಡ್' (1999) ಲೊಂಬಾರ್ಡಿಯ ಬಗ್ಗೆ ಬಂದ ಅತ್ಯುತ್ತಮ ಪುಸ್ತಕ. ನನ್ನ ತಕರಾರು ಇರುವುದೂ ಅತ್ಯುತ್ತಮವಾದದ್ದರ ಜೊತೆಗೇ. ಬ್ರೂಕ್ಲಿನ್ನಿನ ಇಟಾಲಿಯನ್ ಕುಟುಂಬದ ಹುಡುಗ, ನ್ಯೂಜೆರ್ಸಿಯ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಲ್ಯಾಟಿನ್ ಕಲಿಸಿದ ಮೇಷ್ಟ್ರು, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲೂ ನ್ಯೂಯಾರ್ಕ್ ಜೈಂಟ್ಸ್‌ನಲ್ಲೂ ವರ್ಷಗಟ್ಟಲೆ ಸಹಾಯಕ. ನಲವತ್ತೈದು ತುಂಬಿದರೂ ವೃತ್ತಿಪರ ತಂಡವೊಂದರ ಮುಖ್ಯ ಕೋಚ್ ಆಗಿರಲಿಲ್ಲ. ಈ ಕಾಯುವಿಕೆಯನ್ನು ಮರನಿಸ್ ಬಹಳ ಚೆನ್ನಾಗಿ ಬರೆಯುತ್ತಾರೆ. ಮಾತುಗಳ ಮೂಲ ಹುಡುಕುವುದರಲ್ಲೂ ಅವರು ಎಚ್ಚರ. ಗೆಲುವೇ ಎಲ್ಲವೂ ಅಲ್ಲ, ಗೆಲುವೊಂದೇ ಇರುವುದು ಎಂಬರ್ಥದ, ಲೊಂಬಾರ್ಡಿಯ ಹೆಸರಲ್ಲಿ ಇವತ್ತಿಗೂ ಗೋಡೆಗೋಡೆಯ ಮೇಲೆ ತೂಗುವ ಮಾತು ಅವನದ್ದಲ್ಲ. ರೆಡ್ ಸ್ಯಾಂಡರ್ಸ್ ಎಂಬ ಇನ್ನೊಬ್ಬ ಕೋಚ್ ಅದನ್ನು ಮೊದಲೇ ಹೇಳಿದ್ದ.

ಈ ಕಥನಗಳು ನಿಜಕ್ಕೂ ಬೆಳಗುವುದು ಪಾಠದ ಪುಟಗಳಲ್ಲಿ. ಲೊಂಬಾರ್ಡಿ ತಂದ ಮುಖ್ಯ ಆಟದ ಹೆಸರು 'ಸ್ವೀಪ್'. ಮಧ್ಯದ ಸಾಲಿನಲ್ಲಿ ನಿಂತ ಇಬ್ಬರು ಗಾರ್ಡ್‌ಗಳು ಎದುರಿನವನನ್ನು ತಳ್ಳುವುದು ಬಿಟ್ಟು ಒಮ್ಮೆಲೇ ಪಕ್ಕಕ್ಕೆ ತಿರುಗಿ ಅಂಚಿನ ಕಡೆ ಓಡುತ್ತಾರೆ. ಚೆಂಡು ಹಿಡಿದವನು ಅವರ ಬೆನ್ನ ಹಿಂದೆ. ಅಂಚಿನಲ್ಲಿ ನಿಂತ ನಮ್ಮವನು ಎದುರಾಳಿಯನ್ನು ಇಂಥದೇ ದಿಕ್ಕಿಗೆ ತಳ್ಳಬೇಕೆಂದಿಲ್ಲ. ಎದುರಾಳಿ ಎತ್ತ ಹೋಗಬಯಸುತ್ತಾನೋ ಅತ್ತಲೇ ಸಾಗಹಾಕಿದರೆ ಸಾಕು. ಅವನು ಹೊರಗೆ ಹೋದರೆ ಒಳಗೆ ಕಿಂಡಿ, ಒಳಗೆ ಬಂದರೆ ಹೊರಗೆ. ಓಡುವವನು ನೋಡಿ ನುಗ್ಗಬೇಕು. ಇದೊಂದೇ ಆಟದ ಬಗ್ಗೆ ಲೊಂಬಾರ್ಡಿ ಎಂಟು ಗಂಟೆ ಮಾತಾಡಿದ್ದನ್ನು ಕೇಳಿಸಿಕೊಂಡೆ ಎಂದು ಮುಂದೆ ದೊಡ್ಡ ಕೋಚ್ ಆದ ಜಾನ್ ಮ್ಯಾಡನ್ ಹೇಳುತ್ತಿದ್ದುದುಂಟು. ಎಂಟು ಗಂಟೆ! ಒಂದು ಸೂತ್ರಕ್ಕೆ ಭಾಷ್ಯ ಬರೆಯುವವರಿಗೆ ಮಾತ್ರ ಇದು ಅತಿ ಎನಿಸುವುದಿಲ್ಲ.

ಲೊಂಬಾರ್ಡಿಯನ್ನು ಸರ್ವಾಧಿಕಾರಿಯಂತೆ ಚಿತ್ರಿಸುವವರು ಈ ಆಟವನ್ನು ಸರಿಯಾಗಿ ಓದಿಲ್ಲ ಅನಿಸುತ್ತದೆ. ಹತ್ತು ಜನರ ಪ್ರತಿ ಹೆಜ್ಜೆಯೂ ಇಲ್ಲಿ ನಿಗದಿ. ಆದರೆ ಹನ್ನೊಂದನೆಯವನ ಕೊನೆಯ ತಿರುವು ನಿಗದಿಯಲ್ಲ. ಅದು ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಬಿಟ್ಟದ್ದು. ಬೆಳಕು ಕಂಡತ್ತ ಓಡು ಎಂಬುದು ಲೊಂಬಾರ್ಡಿಯ ಸೂತ್ರ, 1963ರಲ್ಲಿ ಡಬ್ಲ್ಯು. ಸಿ. ಹೈನ್ಜ್ ಜೊತೆ ಸೇರಿ ಮಾಡಿದ 'ರನ್ ಟು ಡೇಲೈಟ್' ಪುಸ್ತಕದ ಹೆಸರೂ ಅದೇ. ಹೈನ್ಜ್ ಯುದ್ಧ ವರದಿಗಾರನಾಗಿದ್ದವನು, ಬಾಕ್ಸಿಂಗ್ ಬಗ್ಗೆ ಕಾದಂಬರಿ ಬರೆದವನು. ಗೆಲುವಿನ ಇಡೀ ಚರಿತ್ರೆಯನ್ನು ಬರೆಯುವ ಆಸೆ ಬಿಟ್ಟು 1962ರ ಒಂದೇ ಒಂದು ವಾರವನ್ನು, ಒಂದು ಪಂದ್ಯದ ತಯಾರಿಯನ್ನು ಅವನು ಆರಿಸಿಕೊಂಡ. ಆ ಆಯ್ಕೆಯೇ ಒಂದು ವಿಮರ್ಶೆ. ವಾರದ ನಡುವೆ ನಿಂತವನಿಗೆ ಭಾನುವಾರ ಏನಾಗುತ್ತದೆಂದು ಗೊತ್ತಿರುವುದಿಲ್ಲ.

1959ರ ಬಗ್ಗೆ ಬರೆಯುವವರಿಗೆ ಮಾತ್ರ ಎಲ್ಲವೂ ಗೊತ್ತು. ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಟ್ರೋಫಿಗೆ ಇವತ್ತು ಲೊಂಬಾರ್ಡಿಯ ಹೆಸರಿದೆ; ಆ ಬೆಳ್ಳಿಯ ಹೊಳಪು ಹಿಂದಕ್ಕೆ ಹರಿದು ಮೊದಲ ಸಭೆಯವರೆಗೂ ಮುಟ್ಟುತ್ತದೆ. ಆ ಸಭೆ ಮುಗಿದ ಕೂಡಲೇ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಓಡಿಹೋಗಿ ಹೆಂಡತಿಗೆ ಫೋನ್ ಮಾಡಿ, ಇನ್ನು ನಾವು ಗೆಲ್ಲಲು ಶುರುಮಾಡುತ್ತೇವೆ ಎಂದನಂತೆ. ಕನ್ನಡದ 'ಅಂತೆ' ಇಲ್ಲಿ ಎಷ್ಟು ಉಪಕಾರಿ ನೋಡಿ. ಸ್ಟಾರ್ ಸುಳ್ಳು ಹೇಳಿದ ಎಂದಲ್ಲ. ಆದರೆ ಪ್ರತಿ ವರ್ಷವೂ ಯಾವುದೋ ಊರಲ್ಲಿ ಹೊಸ ಕೋಚ್ ಮೊದಲ ಸಭೆ ನಡೆಸುತ್ತಾನೆ, ಯಾವನೋ ಆಟಗಾರ ಹೆಂಡತಿಗೆ ಫೋನ್ ಮಾಡಿ ಹೀಗೇ ಹೇಳುತ್ತಾನೆ. ಆ ತಂಡ ಮುಂದೆ ಸೋತರೆ ಆ ಫೋನ್ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಸೀಸನ್ ನಡೆದ ಬಗೆಯನ್ನೇ ನೋಡೋಣ. ಸೆಪ್ಟೆಂಬರ್ 27ರಂದು ತವರಿನಲ್ಲಿ ಶಿಕಾಗೊ ಬೇರ್ಸ್ ವಿರುದ್ಧ 9-6. ಕೊನೆಯ ಹಂತದಲ್ಲಿ ಜಿಮ್ ಟೇಲರ್ ನುಗ್ಗಿ ಮುನ್ನಡೆ ತಂದ. ಆಟಗಾರರು ಕೋಚನ್ನು ಹೊತ್ತು ಮೈದಾನದಿಂದ ಹೊರಗೆ ತಂದರು. ಈ ಚಿತ್ರವನ್ನು ಯಾವ ಪುಸ್ತಕವೂ ಬಿಡುವುದಿಲ್ಲ. ಆಮೇಲೆ ಡೆಟ್ರಾಯಿಟ್, ಸ್ಯಾನ್ ಫ್ರಾನ್ಸಿಸ್ಕೊ ಎರಡರ ಮೇಲೂ ಗೆಲುವು. ನಂತರ ಲಾಸ್ ಏಂಜಲಿಸ್ ರ‍್ಯಾಮ್ಸ್ ಎದುರು 45-6ರ ಸೋಲು. ಬಾಲ್ಟಿಮೋರ್, ನ್ಯೂಯಾರ್ಕ್, ಶಿಕಾಗೊ, ಮತ್ತೆ ಬಾಲ್ಟಿಮೋರ್. ಸಾಲಾಗಿ ಐದು ಸೋಲು. ಆ ಹೊತ್ತಿಗೆ ತಂಡ 3-5. ಕೊನೆಯ ನಾಲ್ಕನ್ನು ಗೆದ್ದದ್ದರಿಂದ 7-5 ಆಯಿತು, ತಮ್ಮ ವಿಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೊತೆ ಮೂರನೆಯ ಸ್ಥಾನ ಸಿಕ್ಕಿತು.

ಐದು ಸೋಲೆಂದರೆ ಒಂದು ತಿಂಗಳಿಗೂ ಮಿಕ್ಕಿದ ಕಾಲ. ಕಥೆ ಅದನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ದಾಟಿಸಿ ಡಿಸೆಂಬರಿಗೆ ಬಂದುಬಿಡುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಇರಿಸುಮುರಿಸು ಮಾಡುವುದು ಇದೇ. ಸೆಪ್ಟೆಂಬರಿನ ಗೆಲುವು ಹೊಸ ಕೋಚಿನ ವಿಧಾನಕ್ಕೆ ಪುರಾವೆಯಾದರೆ ಅಕ್ಟೋಬರಿನ ಸೋಲು ಯಾವುದಕ್ಕೆ ಪುರಾವೆ? ಅದೇ ಬೈಗುಳ, ಅದೇ ಬೆವರು, ಅದೇ ಸ್ವೀಪ್ ಆಗಲೂ ಇತ್ತಲ್ಲ.

ಈ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಒಂದು ಕಥೆಗೇ ಇರುಸಾದದ್ದು. ಮೊದಲ ಏಳು ಪಂದ್ಯಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಶುರುಮಾಡಿದವನು ಬಾರ್ಟ್ ಸ್ಟಾರ್ ಅಲ್ಲ, ಲ್ಯಾಮರ್ ಮೆಕ್‌ಹಾನ್. ಮುಂದೆ ಲೊಂಬಾರ್ಡಿಯ ಮಾನಸಪುತ್ರನೆಂದು ಹೆಸರಾದ ಸ್ಟಾರ್ ಬೆಂಚಿನ ಮೇಲಿದ್ದ. ಮೆಕ್‌ಹಾನ್‌ಗೆ ಪೆಟ್ಟಾದ ಮೇಲೆ ಅವನಿಗೆ ಅವಕಾಶ ಸಿಕ್ಕಿತು. 1960ರಲ್ಲೂ ಕೋಚ್ ಇಬ್ಬರ ನಡುವೆ ತೂಗುತ್ತಲೇ ಇದ್ದ. 1956ರಲ್ಲಿ ಹದಿನೇಳನೆಯ ಸುತ್ತಿನಲ್ಲಿ, ಇನ್ನೂರನೆಯವನಾಗಿ ಆಯ್ಕೆಯಾಗಿದ್ದ ಹುಡುಗನನ್ನು ಗುರು ಮೊದಲ ನೋಟದಲ್ಲೇ ಗುರುತಿಸಿದ ಎಂಬ ಕಥೆ ಚೆಂದ, ಆದರೆ ನಡೆದದ್ದು ಹಾಗಲ್ಲ.

ಇನ್ನೊಂದು ಉತ್ತರಕ್ಕೆ ಜ್ಯಾಕ್ ವೈನಿಸಿ ಎಂದು ಹೆಸರು. ಯಾವ ಕಾಲೇಜಿನಲ್ಲಿ ಯಾವ ಹುಡುಗ ಆಡುತ್ತಿದ್ದಾನೆಂದು ಹುಡುಕಿ, ಪತ್ರ ಬರೆದು, ವಿವರ ಸಂಗ್ರಹಿಸಿ ತಂಡಕ್ಕೆ ಆಟಗಾರರನ್ನು ತಂದವನು. ಸ್ಟಾರ್, ಫಾರೆಸ್ಟ್ ಗ್ರೆಗ್, ಪಾಲ್ ಹಾರ್ನಂಗ್, ಜಿಮ್ ಟೇಲರ್, ರೇ ನಿಚ್ಕಿ, ಜೆರ್ರಿ ಕ್ರೇಮರ್, ಜಿಮ್ ರಿಂಗೊ. ಈ ಏಳೂ ಜನ ಮುಂದೆ ಹಾಲ್ ಆಫ್ ಫೇಮ್ ಸೇರಿದರು; ಈ ಏಳೂ ಜನ 1958ರ ಆ ಒಂದು ಗೆಲುವಿನ ತಂಡದಲ್ಲೇ ಇದ್ದರು. ಲೊಂಬಾರ್ಡಿಯನ್ನು ಗ್ರೀನ್ ಬೇಗೆ ಕರೆತರುವಲ್ಲೂ ವೈನಿಸಿಯ ಪಾತ್ರವಿತ್ತು. 1960ರ ನವೆಂಬರಿನಲ್ಲಿ, ಮೂವತ್ಮೂರನೆಯ ವಯಸ್ಸಿಗೆ ಅವನು ಸತ್ತ. ಒಂದು ಚಾಂಪಿಯನ್‌ಶಿಪ್ಪನ್ನೂ ನೋಡಲಿಲ್ಲ. ಮರನಿಸ್ ಅವನಿಗೆ ಜಾಗ ಕೊಡುತ್ತಾರೆ, ಪ್ರೀತಿಯಿಂದಲೇ. ಆದರೆ ಜೀವನಚರಿತ್ರೆ ಎಂಬ ಪ್ರಕಾರವೇ ಒಬ್ಬನ ಸುತ್ತ ಸುತ್ತುವಂಥದ್ದು. ಮಿಕ್ಕವರು ಅವನ ಮೇಲೆ ಬೆಳಕು ಬೀರಲು ಬಂದು ಹೋಗುತ್ತಾರೆ.

ಇದರಿಂದ ಲೊಂಬಾರ್ಡಿ ಏನೂ ಮಾಡಲಿಲ್ಲ ಎಂದಾಗುವುದಿಲ್ಲ. ಎಲ್ಲೆಲ್ಲೋ ಆಡಿಸಲ್ಪಟ್ಟು ಬೇಸತ್ತಿದ್ದ ಹಾರ್ನಂಗ್‌ನನ್ನು ಹಾಫ್‌ಬ್ಯಾಕ್ ಸ್ಥಾನದಲ್ಲಿ ನೆಲೆ ನಿಲ್ಲಿಸಿದ. ಅವನು ಆ ವರ್ಷ 94 ಅಂಕ ಗಳಿಸಿ ಇಡೀ ಲೀಗಿಗೆ ಮೊದಲಿಗನಾದ. ಫಜ್ಜಿ ಥರ್ಸ್ಟನ್, ಹೆನ್ರಿ ಜೋರ್ಡನ್, ಅನುಭವಿ ಎಮ್ಲೆನ್ ಟನಲ್ ಬೇರೆ ತಂಡಗಳಿಂದ ಬಂದರು. ಬಣ್ಣದ ಹೆಸರಲ್ಲಿ ಯಾರನ್ನೂ ಹೀಯಾಳಿಸುವುದನ್ನು ಲೊಂಬಾರ್ಡಿ ತಂಡದೊಳಗೆ ಸಹಿಸುತ್ತಿರಲಿಲ್ಲ. ಆ ಕಾಲಕ್ಕೆ, ಆ ಊರಿಗೆ ಇದು ಸಣ್ಣ ಮಾತಲ್ಲ.

ಆದರೆ ಸಾಕ್ಷಿ ಹೇಳುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ. ನಮ್ಮೆಲ್ಲರನ್ನೂ ಒಂದೇ ಥರ ಕಾಣುತ್ತಾನೆ, ನಾಯಿಗಳ ಥರ ಎಂದು ಹೆನ್ರಿ ಜೋರ್ಡನ್ ಮಾಡಿದ ತಮಾಷೆ ಪ್ರಸಿದ್ಧ. ಓದುಗರು ನಗುತ್ತಾರೆ, ಏಕೆಂದರೆ ಹೇಳುತ್ತಿರುವವನು ಗೆದ್ದವನು. ಬೆತ್ತದ ಪೆಟ್ಟು ತಿಂದೇ ಮನುಷ್ಯರಾದೆವೆಂದು ಮೇಷ್ಟ್ರನ್ನು ನೆನೆಯುವ ಬರಹಗಳು ನಮ್ಮಲ್ಲೂ ಇವೆ. ಅವನ್ನು ಬರೆದವರೆಲ್ಲ ಶಾಲೆ ಮುಗಿಸಿದವರು, ಆ ಬೆತ್ತಕ್ಕೆ ಹೆದರಿ ಮೂರನೇ ಕ್ಲಾಸಿಗೇ ಬಿಟ್ಟವರು ಬರೆಯಲಿಲ್ಲ. ಗ್ರೀನ್ ಬೇಯಲ್ಲೂ ಹಾಗೆ. ಹಳೆಯ ತಂಡದ ಅತ್ಯುತ್ತಮ ಚೆಂಡು ಹಿಡಿತಗಾರ ಬಿಲ್ಲಿ ಹೌಟನ್, ಆಟಗಾರರ ಸಂಘದ ಮುಂದಾಳುಗಳಲ್ಲೊಬ್ಬ. ಲೊಂಬಾರ್ಡಿ ಬಂದ ಕೆಲವೇ ತಿಂಗಳಲ್ಲಿ ಅವನನ್ನು ವಿನಿಮಯದಲ್ಲಿ ಕ್ಲೀವ್‌ಲ್ಯಾಂಡಿಗೆ ಕೊಟ್ಟುಬಿಟ್ಟ. ಅಸ್ತವ್ಯಸ್ತತೆಯನ್ನು ಗುಡಿಸಿ ಹಾಕಿದ ಎಂಬಂತೆ ಕಥೆ ಮುಂದುವರಿಯುತ್ತದೆ. ಅದೇ ಹೌಟನ್ 1963ರಲ್ಲಿ ಡಲ್ಲಾಸ್ ಪರ ಆಡುತ್ತಾ, ಗ್ರೀನ್ ಬೇಯ ದಂತಕಥೆ ಡಾನ್ ಹಟ್ಸನ್ ಹೆಸರಲ್ಲಿದ್ದ ಚೆಂಡು ಹಿಡಿತದ ದಾಖಲೆಯನ್ನು ಮುರಿದ. ಗುಡಿಸಿ ಹಾಕಿದ್ದು ಕಸವಾಗಿರಲಿಲ್ಲ.

ಇವೆಲ್ಲದರ ನಡುವೆ ನನಗೆ ಹೆಚ್ಚು ನಂಬಿಕೆ ಹುಟ್ಟಿಸುವ ಪುಸ್ತಕ ಗಾರ್ಡ್ ಜೆರ್ರಿ ಕ್ರೇಮರ್‌ನ 'ಇನ್‌ಸ್ಟಂಟ್ ರಿಪ್ಲೇ' (1968). 1967ರ ಸೀಸನ್ ಉದ್ದಕ್ಕೂ ಟೇಪ್ ರೆಕಾರ್ಡರಿಗೆ ಮಾತಾಡಿದ ದಿನಚರಿ, ಡಿಕ್ ಶಾಪ್ ಸಂಪಾದಿಸಿದ್ದು. ಇವತ್ತು ಕೋಚನ್ನು ದ್ವೇಷಿಸುತ್ತಾನೆ, ನಾಳೆ ಅವನ ಒಂದು ಮೆಚ್ಚುಗೆಗೆ ಕರಗುತ್ತಾನೆ, ನಾಡಿದ್ದು ಹಾಗೆ ಕರಗಿದ್ದಕ್ಕೆ ತನ್ನ ಮೇಲೇ ಸಿಟ್ಟಾಗುತ್ತಾನೆ. ದ್ವೇಷ ಪ್ರೀತಿಗೆ ಮೆಟ್ಟಿಲಾಗದೆ ಪಕ್ಕದಲ್ಲೇ ಕೂತಿರುತ್ತದೆ. ಲೊಂಬಾರ್ಡಿ ಅಲ್ಲಿ ಮಹಾಪುರುಷನಾಗಿ ಕಾಣುವುದಿಲ್ಲ, ಹವಾಮಾನದಂತೆ ಕಾಣುತ್ತಾನೆ. ಆದರೆ ಅದು ಲೊಂಬಾರ್ಡಿಯ ಒಂಬತ್ತನೆಯ ಸೀಸನ್, ಕಥೆ ಆಗಲೇ ಗಟ್ಟಿಯಾಗಿತ್ತು.

1959ರ ಬಗ್ಗೆ ನಾನು ಓದಬಯಸುವ ಪುಸ್ತಕ ನವೆಂಬರ್ 8ರಿಂದ 15ರವರೆಗಿನ ಒಂದು ವಾರದ್ದು. ಶಿಕಾಗೊದಲ್ಲಿ ನಾಲ್ಕನೆಯ ಸೋಲು ಆಗಿದೆ. ಸೋಮವಾರ ಗೋಡೆಯ ಮೇಲೆ ಆ ಪಂದ್ಯದ ಫಿಲಂ ಓಡುತ್ತಿದೆ. ಮೆಕ್‌ಹಾನ್ ಆಡುವಂತಿಲ್ಲ. ಬೆಂಚಿನ ಮೇಲಿದ್ದ ಮಿತಭಾಷಿ ಹುಡುಗನಿಗೆ ಈ ವಾರ ನೀನು ಶುರುಮಾಡು ಎಂದು ಹೇಳಲಾಗಿದೆ, ಬೇರೆ ದಾರಿಯಿಲ್ಲದೆ. ಹಿಂದಿನ ವರ್ಷ 56-0ರಿಂದ ಬಡಿದ ತಂಡವೇ ಮತ್ತೆ ಎದುರಿಗಿದೆ. ಕೋಚ್ ಹಲಗೆಯ ಮೇಲೆ ಮತ್ತೆ ಅದೇ ಸ್ವೀಪ್ ಬರೆಯುತ್ತಿದ್ದಾನೆ, ಇಬ್ಬರು ಗಾರ್ಡ್‌ಗಳು ಪಕ್ಕಕ್ಕೆ ಹೊರಳುವ ಗೆರೆಗಳು, ಓಡುವವನ ಗೆರೆ ಮಾತ್ರ ಎಲ್ಲೂ ಮುಗಿಯದೆ. ಭಾನುವಾರ, ಮಿಲ್ವಾಕಿಯಲ್ಲಿ: ಬಾಲ್ಟಿಮೋರ್ 28, ಗ್ರೀನ್ ಬೇ 24.