ಹತ್ತು ಬೈ ಹತ್ತರ ಕೋಣೆಗೆ ಯಾವ ಸ್ಪೀಕರ್?

ಹೈಫೈ ಸ್ಪೀಕರ್‌ಗಳ ವಿಮರ್ಶೆ ಓದಿದಾಗೆಲ್ಲ ನನಗೊಂದು ತಕರಾರು ಏಳತದ. ಸ್ಪೀಕರ್ ಬಗ್ಗೆ ಪುಟಗಟ್ಟಲೆ ಬರೀತಾರ, ಅದನ್ನು ಯಾವ ಕೋಣೆಯಲ್ಲಿ ಇಟ್ಟು ಕೇಳಿದರು ಅಂತ ಒಂದು ಸಾಲೂ ಇರೂದಿಲ್ಲ. ಹೊಲ ಯಾವುದು ಅಂತ ಕೇಳದೆ ಬೀಜ ಹೊಗಳಿದಂಗ ಇದು. ಎರಿಗೆ ಒಂದು ಬೀಜ, ಮಸಾರಿಗೆ ಇನ್ನೊಂದು ಅನ್ನೂದನ್ನ ಹೆಬ್ಬಳ್ಳಿಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಈಗ ಕಟ್ಟುವ ಕೋಣೆ ನೋಡ್ರಿ. ಹತ್ತು ಫೂಟು ಉದ್ದ, ಹತ್ತು ಅಗಲ, ಎತ್ತರವೂ ಸುಮಾರು ಹತ್ತೇ. ಮೇಲೆ ಆರ್‌ಸಿಸಿ, ಕೆಳಗೆ ನುಣುಪು ಟೈಲ್ಸ್. ಸದ್ದಿಗೆ ಇದಕ್ಕಿಂತ ಕೆಟ್ಟ ಆಕಾರ ಸಿಗೂದು ಕಷ್ಟ. ಹತ್ತು ಫೂಟು ಅಂತರದ ಎದುರು-ಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ನಿಂತು ಗುಂಯ್‌ಗುಡತದ. ಮೂರೂ ಅಳತೆ ಒಂದೇ ಇದ್ದರೆ ಮೂರು ಕಡೆಯ ಗುಂಯ್ ಒಂದರ ಮೇಲೊಂದು ಕೂಡತದ. ಹಳೇ ಮನೆಯ ದಪ್ಪ ಮಣ್ಣಿನ ಗೋಡೆ, ಜಂತಿ, ಒಟ್ಟಿದ ಚೀಲ, ಮಡಚಿಟ್ಟ ಹಾಸಿಗೆ ಸದ್ದನ್ನ ನುಂಗುತಿದ್ದವು, ಚದುರಿಸುತಿದ್ದವು. ಹೊಸ ಕೋಣೆ ಹಂಗಲ್ಲ, ಎಲ್ಲಾನೂ ವಾಪಸ್ ಕೊಡತದ.

ಇಂಥ ಕೋಣೆಗೆ ಎದೆಮಟ್ಟದ ಟವರ್ ಸ್ಪೀಕರ್ ಮಾರೂದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಗೆಳೆಯನೊಬ್ಬನ ಟವರ್ ಜೋಡಿ ಒಂದು ವಾರ ನಮ್ಮ ಮನೆಯಲ್ಲಿತ್ತು. ಎಪ್ಪತ್ತು ದಾಟಿದ ಅಪ್ಪ ಎರಡು ದಿನ ಕೇಳಿ, "ತಮ್ಮಾ, ಸಪ್ಪಳ ಬಾಳ ಆತು, ಮಾತ ತಿಳೀವಲ್ದು" ಅಂದು ತಮ್ಮ ಟ್ರಾನ್ಸಿಸ್ಟರ್‌ಗೆ ಮರಳಿದರು. ಅವರ ಮಾತು ಶಾಸ್ತ್ರಶುದ್ಧ. ಕೆಳಗಿನ ಸ್ವರಗಳು ಅತಿಯಾದರೆ ಮೇಲಿನವನ್ನು ಮುಚ್ಚತಾವ. ವಯಸ್ಸಾದ ಕಿವಿಗೆ ಸ, ಶ, ತ, ಕ ಮೊದಲೇ ಮಸುಕು. ಅದರ ಮೇಲೆ ಗುಂಯ್ ಬಂದರೆ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದಲ್ಲಿ ಸ್ವರ ಉಳೀತದ, ವಚನ ಹೋಗತದ.

ನಾವು ಕೇಳೂದರ ಲೆಕ್ಕ ಹಾಕೋಣ. ಕಾಳಿ ಏಕ್‌ಗೆ ಕೂಡಿಸಿದ ಗಂಡಸರ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಸ್. ಹಾಡುಗಾರರ ಕಂಠ ಬಹುತೇಕ ಅದಕ್ಕಿಂತ ಬಹಳ ಮೇಲೆ. 30 ಹರ್ಟ್ಸ್‌ವರೆಗೆ ಇಳೀತದ ಅಂತ ಅಂಗಡಿಯವರು ಹೇಳಿದರೆ, ಅಲ್ಲಿ ನಮ್ಮ ಬೈಠಕ್‌ನವರು ಯಾರೂ ಕೂತಿಲ್ಲ ಅಂತ ಹೇಳಬಹುದು.

ಸಣ್ಣ ಕೋಣೆಗಂತಲೇ ಹುಟ್ಟಿದ ಸ್ಪೀಕರ್ ಒಂದಿದೆ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲು ಎಲ್‌ಎಸ್ 3/5ಎ ಮಾಡಿದರು. ಫೂಟು ಎತ್ತರದ ಪೆಟ್ಟಿಗೆ, ಐದಿಂಚಿನ ಕೋನು, ಒಂದು ಸಣ್ಣ ಟ್ವೀಟರ್. ಮನುಷ್ಯರ ದನಿ ಮನುಷ್ಯರದೇ ಅನ್ನಿಸೂದು ಅದರ ದೊಡ್ಡ ಗುಣ. ದೋಷವೂ ಇವೆ. ಮಂದ್ರ ಬೇಗ ಸೋಲತದ. ಆ ಕೊರತೆ ಮರೆಸಲು 100 ಹರ್ಟ್ಸ್‌ಗಿಂತ ಮೇಲೆ ತುಸು ಉಬ್ಬಿಸಿದ್ದಾರೆ. ಜೋರಾಗಿ ಹಾಡಿಸಲಿಕ್ಕೆ ಆಗೂದಿಲ್ಲ. ಇವತ್ತು ಹೊಸ ಜೋಡಿಗೆ ಲಕ್ಷ ದಾಟತದ, ಅಷ್ಟು ಕೊಡಬ್ಯಾಡ್ರಿ. ಅದರ ಬುದ್ಧಿ ಮಾತ್ರ ತಗೋರಿ: ಐದರಿಂದ ಆರೂವರೆ ಇಂಚಿನ ಕೋನಿನ ಬುಕ್‌ಶೆಲ್ಫ್ ಜೋಡಿ, ಮೂವತ್ತು-ನಲವತ್ತು ವ್ಯಾಟಿನ ಆಂಪ್ಲಿಫೈಯರ್ ಸಾಕು.

ಉಳಿದ ಕೆಲಸ ಪುಕ್ಕಟೆ. ಸ್ಪೀಕರನ್ನು ಮೂಲೆಯಿಂದ ಬಿಡಿಸಿರಿ. ನೀವು ಹಿಂದಿನ ಗೋಡೆಗೆ ಆತು ಕೂಡಬ್ಯಾಡ್ರಿ, ಅಲ್ಲಿ ಗುಂಯ್ ಹೆಚ್ಚು. ಕೋಣೆಯ ನಟ್ಟನಡುವೆಯೂ ಬ್ಯಾಡ, ಅಲ್ಲಿ ಆ 56ರ ಸ್ವರವೇ ಮಾಯ. ಹಿಂದಿನ ಗೋಡೆಯಿಂದ ಮೂರೂವರೆ-ನಾಕು ಫೂಟು ಮುಂದೆ ಕೂಡ್ರಿ. ಪಕ್ಕದ ಗೋಡೆಗೆ ಅವ್ವನ ದಪ್ಪನೆ ಕೌದಿ ತೂಗಿಬಿಟ್ಟರೆ ಚಪ್ಪಾಳೆಯ ಠಣಠಣ ಇಳೀತದ. ಕೌದಿ ಗುಂಯ್ ನುಂಗೂದಿಲ್ಲ, ಅದಕ್ಕ ಜಾಗ ಬದಲಿಸೂದೇ ಮದ್ದು.

ಕೊಳ್ಳುವ ಮುಂಚೆ ಅಂಗಡಿಯವರ ಡೆಮೊ ಟ್ರ್ಯಾಕ್ ಬಿಟ್ಟು ಗಂಗೂಬಾಯಿ ಹಾನಗಲ್ಲರನ್ನು ಹಾಕಿಸಿರಿ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಹಳೇ ರೆಕಾರ್ಡಿನ ತೆಳು ದನಿ ಒಂದು, ಆಮೇಲಿನ ಗಂಡುದನಿಯಂಥ ಗಂಭೀರ ಕಂಠ ಇನ್ನೊಂದು. ಎರಡನ್ನೂ ಒಂದೇ ಥರ ದಪ್ಪ ಮಾಡಿ ಕೇಳಿಸುವ ಸ್ಪೀಕರ್ ಸುಳ್ಳು ಹೇಳತದ. ವ್ಯತ್ಯಾಸವನ್ನು ಇದ್ದಂಗ ಹೇಳುವುದೇ ಒಳ್ಳೇ ಸ್ಪೀಕರ್. ಖಯಾಲ್ ಮೂಲತಃ ಸಣ್ಣ ಬೈಠಕ್‌ಗಳಲ್ಲಿ ಬೆಳೆದ ಸಂಗೀತ. ಹೀಗಾಗಿ ಸಣ್ಣ ಕೋಣೆ ಇದೆ ಅಂತ ಯಾರೂ ಕೊರಗಬೇಕಾಗಿಲ್ಲ, ಅದಕ್ಕೆ ಹೊಂದುವ ಸ್ಪೀಕರ್ ತಂದರೆ ಆತು.