ಮಿಲಿಟರಿ ಲಾರಿಯ ಶುದ್ಧಪಾಠ

ಎರಡನೇ ಮಹಾಯುದ್ಧದ ಕಾಲದ ಸೇನಾ ಲಾರಿಯೊಂದನ್ನು ಗುಜರಿಯಿಂದಲೋ ಹೊಲದ ಮೂಲೆಯಿಂದಲೋ ಎಳೆದು ತಂದು, ನಾಲ್ಕಾರು ವರ್ಷ ಅದರ ಅಡಿಯಲ್ಲಿ ಮಲಗಿ ಎದ್ದು, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಬಹಳ ಮಂದಿ ಇದ್ದಾರೆ. ಅಮೆರಿಕದಲ್ಲಿ ಇಂಥವರದೊಂದು ಸಂಘ 1976ರಿಂದ ನಡೆಯುತ್ತಿದೆ. ಅವರ ಬರಹಗಳನ್ನು ಓದುತ್ತ, ಕೆಲಸದ ವಿಡಿಯೋಗಳನ್ನು ನೋಡುತ್ತ ನಾನು ಕೆಲವು ವರ್ಷ ಕಳೆದಿದ್ದೇನೆ. ಯಂತ್ರದ ಹುಚ್ಚು ನನಗೆ ಅಷ್ಟಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಅವರ ಜಗಳಗಳು. ಹಳಗನ್ನಡ ಕಾವ್ಯವೊಂದರ ಪಾಠ ಯಾವುದು ಸರಿ ಎಂದು ನಮ್ಮ ಗ್ರಂಥಸಂಪಾದಕರು ವಾದ ಮಾಡಿದ ಧಾಟಿಯಲ್ಲೇ ಇವರು ಒಂದು ಬೋಲ್ಟಿನ ಬಗ್ಗೆ ವಾದ ಮಾಡುತ್ತಾರೆ. ಅಷ್ಟೇ ಶ್ರದ್ಧೆ, ಅಷ್ಟೇ ಸಿಟ್ಟು.

ಉದಾಹರಣೆಗೆ ಅಮೆರಿಕದ ಜಿಎಂಸಿ ಕಂಪನಿಯ ಸಿಸಿಕೆಡಬ್ಲ್ಯೂ ಎಂಬ ಲಾರಿ. ಸೈನಿಕರ ಬಾಯಲ್ಲಿ ಇದು ‘ಜಿಮ್ಮಿ’. ಹೆಸರಿನ ನಾಲ್ಕು ಅಕ್ಷರಗಳೂ ಕಾರ್ಖಾನೆಯ ಸಂಕೇತಗಳು: ಮೊದಲನೆಯದು ವಿನ್ಯಾಸದ ವರ್ಷ 1941, ಎರಡನೆಯದು ಮೂತಿಯ ಹಿಂದೆ ಕ್ಯಾಬ್ ಇರುವ ಮಾಮೂಲು ಮಾದರಿ, ಮೂರನೆಯದು ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ ಎಂಬುದಕ್ಕೆ, ನಾಲ್ಕನೆಯದು ಹಿಂದೆ ಎರಡು ಆಕ್ಸಲ್ ಇದೆ ಎಂಬುದಕ್ಕೆ. ಆರು ಸಿಲಿಂಡರಿನ, ನಾಲ್ಕೂವರೆ ಲೀಟರಿಗೆ ಕೊಂಚ ಕಡಿಮೆಯ ಪೆಟ್ರೋಲ್ ಎಂಜಿನ್. ಗುಡ್ಡಗಾಡಿನಲ್ಲಿ ಎರಡೂವರೆ ಟನ್ ಹೊರಬೇಕೆಂದು ಕಟ್ಟಿದ ಗಾಡಿ. 1941ರಿಂದ 1945ರೊಳಗೆ 5.5 ಲಕ್ಷಕ್ಕೂ ಹೆಚ್ಚು ತಯಾರಾದವು.

ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅಚ್ಚಾದದ್ದು ಎಲ್ಲವೂ ಒಂದೇ ತರ ಇರಬೇಕಲ್ಲ? ಇಲ್ಲ. ಹಿಂದಿನ ಸರಕಿನ ತೊಟ್ಟಿ ಮೊದಲು ಉಕ್ಕಿನದಾಗಿತ್ತು. ಉಕ್ಕಿಗೆ ಬರ ಬಂದಾಗ ಮರದ್ದಾಯಿತು. ಆಮೇಲೆ ಮರ, ಉಕ್ಕು ಬೆರೆಸಿದ್ದು ಬಂತು. ಮುಚ್ಚಿದ ಕ್ಯಾಬ್ ಹೋಗಿ ಕ್ಯಾನ್ವಾಸ್ ಹೊದಿಕೆಯ ತೆರೆದ ಕ್ಯಾಬ್ ಬಂತು. ಆಕ್ಸಲ್‌ಗಳಲ್ಲೇ ಎರಡು ವಂಶ, ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಬಾನೆಟ್ಟಿನ ಮೇಲಿನ ನೋಂದಣಿ ಸಂಖ್ಯೆಯನ್ನು ಮೊದಮೊದಲು ಮಂಕು ನೀಲಿಯಲ್ಲಿ ಬರೆಯುತ್ತಿದ್ದರು, ಹತ್ತಿರ ಹೋದರಷ್ಟೇ ಓದಲಾಗುವಂತೆ. ನಂತರ ಅದು ಬಿಳಿಯಾಯಿತು. ಮಂಕು ಹಸಿರಿನ ಆ ಪ್ರಸಿದ್ಧ ಬಣ್ಣದ ಛಾಯೆ ಯಾವುದೆಂಬ ಚರ್ಚೆಯಂತೂ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

ಅದರ ಮೇಲೆ ಯುದ್ಧದ ನಂತರದ ಬದುಕು. ಡಿಪೋಗಳಲ್ಲಿ ಬಿಚ್ಚಿ ಮರುಜೋಡಿಸುವಾಗ ಒಂದರ ಎಂಜಿನ್ ಇನ್ನೊಂದಕ್ಕೆ ಹೋಯಿತು. ಫ್ರಾನ್ಸಿನ ಸೈನ್ಯ ಇವನ್ನು ಯುದ್ಧ ಮುಗಿದು ದಶಕಗಳಾದ ಮೇಲೂ ಓಡಿಸಿತು. ಹಾಗಾಗಿ ಇವತ್ತು ಕೈಗೆ ಸಿಗುವ ಒಂದು ಜಿಮ್ಮಿ ಹಲವು ಲಿಪಿಕಾರರ ಕೈ ದಾಟಿ ಬಂದ ಓಲೆಗರಿಯ ಕಟ್ಟಿನ ಹಾಗೆ. ಯಾವುದು ಮೂಲ, ಯಾವುದು ಪ್ರಕ್ಷೇಪ, ಯಾವ ಗರಿ ಬೇರೆ ಕಟ್ಟಿನಿಂದ ಬಂದು ಸೇರಿಕೊಂಡದ್ದು? ಒಳ್ಳೆಯ ಹವ್ಯಾಸಿ ಮರಳು ಕಾಗದ ಹಿಡಿದು ಬಣ್ಣದ ಪದರಗಳನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ತೆಗೆಯುತ್ತಾನೆ. ಎಲ್ಲೋ ನಾಲ್ಕನೆಯ ಪದರದಡಿ ಮಾಸಿದ ಅಂಕಿಯ ಅರ್ಧ ಕಾಣಿಸಿಕೊಂಡರೆ ಅವನಿಗಾಗುವ ಸಂತೋಷ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಓದಿದವರಿಗೆ ಅರ್ಥವಾದೀತು. ಅವನ ಪಕ್ಕದಲ್ಲಿ ಟಿಎಂ 9-801 ಎಂಬ ಸೇನೆಯ ಕೈಪಿಡಿ ತೆರೆದಿರುತ್ತದೆ. ಅದೇ ಅವನ ಲಕ್ಷಣಗ್ರಂಥ.

ಇಲ್ಲಿಯವರೆಗೆ ನನಗೆ ಮೆಚ್ಚುಗೆಯೇ. ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಇಷ್ಟೆಲ್ಲ ಹುಡುಕಿದ ಮೇಲೆ ಲಾರಿಯನ್ನು ಯಾವ ದಿನಕ್ಕೆ ಮರಳಿಸಬೇಕು? ಹೆಚ್ಚಿನವರು ಆರಿಸಿಕೊಳ್ಳುವುದು ಕಾರ್ಖಾನೆಯ ಬಾಗಿಲು ದಾಟಿದ ದಿನವನ್ನು. ಡ್ಯಾಶ್‌ಬೋರ್ಡಿನಲ್ಲಿ ಯಾರೋ ಕೊರೆದ ತೂತಿದ್ದರೆ ಅದನ್ನು ವೆಲ್ಡಿಂಗ್ ಮಾಡಿ ತುಂಬಿ, ಉಜ್ಜಿ, ಇರಲೇ ಇಲ್ಲವೆಂಬಂತೆ ಮಾಡುತ್ತಾರೆ. ಮಡ್‌ಗಾರ್ಡಿನ ಒರಟು ತೇಪೆ ಹೋಗುತ್ತದೆ. ನೆಗ್ಗು ಹೋಗುತ್ತದೆ. ಪಾಠಪರಿಷ್ಕರಣೆಯಲ್ಲಿ ಒಂದು ಹಳೆಯ ಸೂತ್ರವಿದೆ: ಎರಡು ಪಾಠಗಳಿದ್ದಾಗ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು, ಏಕೆಂದರೆ ಲಿಪಿಕಾರ ಗೊತ್ತಾಗದ್ದನ್ನು ಸುಲಭ ಮಾಡಿಬಿಡುತ್ತಾನೆ. ಆ ತೂತು ಕ್ಲಿಷ್ಟ ಪಾಠ. ಯಾರೋ ಒಬ್ಬ, ಯಾವುದೋ ರಾತ್ರಿ, ಏನನ್ನೋ ಅಲ್ಲಿ ಸಿಕ್ಕಿಸಿಕೊಳ್ಳಲು ಕೊರೆದದ್ದು. ಅದನ್ನು ತುಂಬಿದವನು ಸಂಪಾದಕನ ಕುರ್ಚಿ ಬಿಟ್ಟು ಲಿಪಿಕಾರನ ಮಣೆಗೆ ಇಳಿದ ಹಾಗಾಯಿತು. ಅವನಿಂದ ತಯಾರಾಗುವುದು ಕಾರ್ಖಾನೆಗೆ ಗೊತ್ತಿದ್ದ ಲಾರಿ. ಚಾಲಕನಿಗೆ ಗೊತ್ತಿದ್ದ ಲಾರಿ ಬೇರೆ ಇತ್ತು.

ಆ ಚಾಲಕ ಯಾರು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

1944ರ ಆಗಸ್ಟ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಿಂದ ಹೊರಟು ಫ್ರಾನ್ಸಿನುದ್ದಕ್ಕೂ ಎಷ್ಟು ವೇಗವಾಗಿ ನುಗ್ಗಿದವೆಂದರೆ, ಪೆಟ್ರೋಲು ಮದ್ದುಗುಂಡುಗಳೆಲ್ಲ ಕಡಲ ದಂಡೆಯಲ್ಲೇ ಉಳಿದವು. ರೈಲು ಹಳಿಗಳನ್ನು ಮಿತ್ರಪಡೆಗಳ ವಿಮಾನಗಳೇ ಮೊದಲು ಬಾಂಬು ಹಾಕಿ ಮುರಿದಿದ್ದವು. ಆಗ ಆಗಸ್ಟ್ 25ರಂದು ಶುರುವಾದದ್ದು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸಾಲು. ಸಾಂ ಲೋದಿಂದ ಶಾರ್ತ್ರ್ ಕಡೆಗೆ ಹೋಗಲು ಒಂದು ರಸ್ತೆ, ಖಾಲಿ ಬರಲು ಇನ್ನೊಂದು. ಎರಡರಲ್ಲೂ ಬೇರೆ ವಾಹನಗಳಿಗೆ ಪ್ರವೇಶವಿಲ್ಲ. ಹಗಲಿರುಳು ಓಟ. ಅತಿ ಹೆಚ್ಚು ಸಾಗಿಸಿದ ಆಗಸ್ಟ್ 29ರಂದು ಸುಮಾರು 5,900 ಗಾಡಿಗಳು 12,000 ಟನ್ನಿಗೂ ಹೆಚ್ಚು ಸರಕು ಹೊತ್ತವು. ನವೆಂಬರ್ 16ಕ್ಕೆ ನಿಲ್ಲುವ ಹೊತ್ತಿಗೆ ಒಟ್ಟು 4 ಲಕ್ಷ ಟನ್ ದಾಟಿತ್ತು. ಎರಡೂವರೆ ಟನ್ನಿನ ಜಿಮ್ಮಿಗೆ ಐದು ಟನ್ ಹೇರುತ್ತಿದ್ದರು. ವೇಗದ ಮಿತಿ ಗಂಟೆಗೆ 25 ಮೈಲಿ ಎಂದು ಆದೇಶವಿತ್ತು. ಚಾಲಕರು ಕಾರ್ಬ್ಯುರೇಟರಿನ ಗವರ್ನರನ್ನೇ ಕಿತ್ತೆಸೆದು ಅದರ ಎರಡು ಪಟ್ಟು ಓಡಿಸಿದರು. ಟೈರುಗಳು ಚಿಂದಿಯಾದವು.

ಈ ಚಾಲಕರಲ್ಲಿ ನಾಲ್ಕರಲ್ಲಿ ಮೂವರು ಕಪ್ಪು ಅಮೆರಿಕನ್ನರು. ಅಂದಿನ ಅಮೆರಿಕದ ಸೈನ್ಯ ಬಣ್ಣ ನೋಡಿ ತುಕಡಿ ಮಾಡುತ್ತಿತ್ತು. ಕಪ್ಪು ಸೈನಿಕರಲ್ಲಿ ಬಹುಪಾಲು ಜನರನ್ನು ಬಂದೂಕಿನ ಸಾಲಿನಿಂದ ದೂರವಿಟ್ಟು ಮೂಟೆ ಹೊರಲು, ರಸ್ತೆ ಹಾಕಲು, ಲಾರಿ ಓಡಿಸಲು ಹಚ್ಚಿತ್ತು. ಸೈನ್ಯದಲ್ಲಿ ಈ ಭೇದ ಕೂಡದೆಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ, ಯುದ್ಧ ಮುಗಿದು ಮೂರು ವರ್ಷದ ಮೇಲೆ.

1952ರಲ್ಲಿ ಇದೇ ಹೆಸರಿನ ಹಾಲಿವುಡ್ ಸಿನಿಮಾ ಬಂತು. ನಿರ್ದೇಶಕ ಬಡ್ ಬೆಟಿಕರ್. ಅದನ್ನು ನೋಡುವಾಗ ಈ ಹವ್ಯಾಸದ ದೋಷವೆಲ್ಲ ಅಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟಂತೆ ನನಗೆ ಅನ್ನಿಸಿತು. ಲಾರಿಗಳು ಅಸಲಿ. ಕೆಸರು, ಹೊಗೆ, ಸಾಲು ಎಲ್ಲ ನಂಬುವಂತಿದೆ. ಆದರೆ ನಾಯಕ ಜೆಫ್ ಚ್ಯಾಂಡ್ಲರ್, ಬಿಳಿಯ ಅಧಿಕಾರಿ. ಕಥೆಯ ಮುಖ್ಯ ಜಗಳ ಅವನಿಗೂ ಇನ್ನೊಬ್ಬ ಬಿಳಿಯ ಸಾರ್ಜೆಂಟನಿಗೂ ಇರುವ ಹಳೆಯ ವೈಷಮ್ಯ. ಆಗಿನ್ನೂ ಹೊಸಬನಾಗಿದ್ದ ಸಿಡ್ನಿ ಪಾಟಿಯೆಗೆ ಸಿಕ್ಕಿದ್ದು ಸಣ್ಣ ಪಾತ್ರ: ತಾರತಮ್ಯ ಸಹಿಸಲಾರೆ, ಬೇರೆ ಕಡೆ ವರ್ಗ ಮಾಡಿ ಎನ್ನುವ ಕಾರ್ಪೊರಲ್. ಇನ್ನೂ ವಿಚಿತ್ರವೆಂದರೆ ಸಿನಿಮಾದ ತುಕಡಿಯಲ್ಲಿ ಕರಿಯರು ಬಿಳಿಯರು ಒಟ್ಟಿಗಿದ್ದಾರೆ. ನಡೆದ ಅನ್ಯಾಯವನ್ನು ಸಿನಿಮಾ ಖಂಡಿಸುವುದಿರಲಿ, ತೋರಿಸುವುದೂ ಇಲ್ಲ; ಆ ತೂತನ್ನು ತುಂಬಿ, ಉಜ್ಜಿ, ಬಣ್ಣ ಬಳಿದಿದೆ. ನಿಜ ಹೇಳಲು ಸೈನ್ಯ ಬಿಡಲಿಲ್ಲ ಎಂದು ಬೆಟಿಕರ್ ಬಹಳ ವರ್ಷಗಳ ಮೇಲೆ ಹೇಳಿಕೊಂಡರು. ಇರಬಹುದು. ಆದರೂ ಪಾಟಿಯೆ ತೆರೆಗೆ ಬಂದಾಗಲೆಲ್ಲ ಸಿನಿಮಾದ ಭಾರ ಆ ಕಡೆಗೆ ವಾಲುತ್ತದೆ, ಐದು ಟನ್ ಹೇರಿದ ಲಾರಿಯಂತೆ. ಕ್ಯಾಮೆರಾ ಬೇಗ ಬೇಗ ಅದನ್ನು ನೇರ ಮಾಡಿಕೊಳ್ಳುತ್ತದೆ.

ಇದಕ್ಕೆ ಎದುರಾಗಿ ನಾನು ಇಡುವುದು ವಿಲಿಯಂ ಫ್ರೀಡ್ಕಿನ್ನರ ‘ಸಾರ್ಸರರ್’ (1977). ಯುದ್ಧದ ಚಿತ್ರವಲ್ಲ. ತಮ್ಮ ತಮ್ಮ ದೇಶದಿಂದ ಓಡಿಬಂದ ನಾಲ್ವರು ದಕ್ಷಿಣ ಅಮೆರಿಕದ ಒಂದು ದರಿದ್ರ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಎಣ್ಣೆ ಬಾವಿಗೆ ಬಿದ್ದ ಬೆಂಕಿ ಆರಿಸಲು ನೈಟ್ರೋಗ್ಲಿಸರಿನ್ ಒಸರುತ್ತಿರುವ ಡೈನಮೈಟನ್ನು 200 ಮೈಲಿ ಆಚೆಗೆ ಒಯ್ಯಬೇಕು, ಕುಲುಕಿದರೆ ಸಾವು. ಜಾರ್ಜ್ ಆರ್ನೋ ಬರೆದ ಫ್ರೆಂಚ್ ಕಾದಂಬರಿ ಇದರ ಮೂಲ. ಇದೇ ಕಥೆಯನ್ನು ಆನ್ರಿ ಜಾರ್ಜ್ ಕ್ಲೂಸೋ 1953ರಲ್ಲೇ ಚಿತ್ರ ಮಾಡಿದ್ದರು. ಕ್ಲೂಸೋ ಚಿತ್ರವೇ ಶ್ರೇಷ್ಠ ಎನ್ನುವವರು ಹೆಚ್ಚು. ನಾನು ಆ ಪಂಗಡದವನಲ್ಲ, ಕಾರಣ ಒಂದೇ ಒಂದು ದೃಶ್ಯಸರಣಿ. ಕ್ಲೂಸೋನಲ್ಲಿ ಕಂಪನಿ ಓಡುವ ಲಾರಿಗಳನ್ನೇ ಕೊಡುತ್ತದೆ. ಫ್ರೀಡ್ಕಿನ್‌ನಲ್ಲಿ ಕೊಡುವುದು ಗುಜರಿ. ನಾಲ್ವರೂ ಸತ್ತ ಲಾರಿಗಳ ರಾಶಿಯಲ್ಲಿ ಕೈಯಾಡಿಸಿ, ಒಂದರಿಂದ ಇದನ್ನು ಇನ್ನೊಂದರಿಂದ ಅದನ್ನು ಕಿತ್ತು, ಎರಡು ಗಾಡಿಗಳನ್ನು ಎಬ್ಬಿಸುತ್ತಾರೆ. ತೆರೆಯ ಮೇಲೆ ಓಡುವವು 1950ರ ದಶಕದ ಜಿಎಂಸಿ ಎಂ-211 ಸೇನಾ ಲಾರಿಗಳು, ನಮ್ಮ ಜಿಮ್ಮಿಯ ಮುಂದಿನ ತಲೆಮಾರು. ಒಂದರ ಹೆಸರು ‘ಲಾಸಾರೋ’, ಬೈಬಲಿನಲ್ಲಿ ಗೋರಿಯಿಂದ ಎದ್ದುಬಂದವನ ಹೆಸರು.

ಆ ಸರಣಿಯಲ್ಲಿ ಮಾತು ಕಡಿಮೆ. ಕೈಗಳನ್ನು ನೋಡುತ್ತೇವೆ. ಒಬ್ಬರನ್ನೊಬ್ಬರು ನಂಬದ ಈ ಜನ ಒಂದು ನಟ್ಟನ್ನು ಬಿಗಿಯುವಾಗ ಮಾತ್ರ ನಂಬಿಕೆಗೆ ಅರ್ಹರಾಗುತ್ತಾರೆ, ಏಕೆಂದರೆ ಸಡಿಲ ಬಿಟ್ಟ ನಟ್ಟಿನ ಮೇಲೆ ಅವರೇ ಕೂರಬೇಕು. ಮುಂದೆ ಮಳೆಯಲ್ಲಿ ಹಗ್ಗದ ಸೇತುವೆ ಮೇಲೆ ಲಾರಿ ವಾಲುವ ಪ್ರಸಿದ್ಧ ದೃಶ್ಯ ನಮ್ಮ ಉಸಿರು ಕಟ್ಟಿಸುವುದು ಇದರಿಂದಲೇ. ಆ ಲಾರಿಯ ಒಂದೊಂದು ತೇಪೆಯೂ ಹೇಗೆ ಬಂತೆಂದು ನಮಗೆ ಗೊತ್ತಿದೆ. ಇಲ್ಲಿ ಯಾರೂ ಲಾರಿಯನ್ನು ಯಾವ ಹಳೆಯ ದಿನಕ್ಕೂ ಮರಳಿಸುತ್ತಿಲ್ಲ, ನಾಳೆಗೆ ಅಣಿಮಾಡುತ್ತಿದ್ದಾರೆ. ನಮ್ಮಲ್ಲೂ ಸೇನೆಯ ನಿವೃತ್ತ ಲಾರಿಗಳ ಕಥೆ ಇದೇ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ಲಿಗೆ ಬಂದವು ಬಸ್ಸಾದವು, ಘಟ್ಟದಲ್ಲಿ ನಾಟಾ ಎಳೆದವು. ಅವುಗಳನ್ನು ಹವ್ಯಾಸಕ್ಕೆ ಇಟ್ಟುಕೊಳ್ಳುವಷ್ಟು ಪುರಸೊತ್ತು, ದುಡ್ಡು ಯಾರಿಗಿತ್ತು? ಸೈನ್ಯದ ಸಂಖ್ಯೆಯ ಮೇಲೆ ಬಣ್ಣ ಬಳಿದು ಮನೆದೇವರ ಹೆಸರು ಬರೆಸಿದರೆ ಮುಗಿಯಿತು. ಪಶ್ಚಿಮದ ಹವ್ಯಾಸಿಗೆ ಅಂಥದೊಂದು ಸಿಕ್ಕಿದರೆ ಮೊದಲು ಕೆರೆಯುವುದು ಆ ದೇವರ ಹೆಸರನ್ನು.

ಹಾಗಾದರೆ ಈ ಹವ್ಯಾಸ ಬರೀ ಬಣ್ಣದ ಭ್ರಮೆಯೇ? ಹಾಗೆ ಹೇಳಿ ಕೈತೊಳೆದುಕೊಳ್ಳಲಾರೆ. ವಸ್ತುಸಂಗ್ರಹಾಲಯಕ್ಕೆ ಇಲ್ಲದ ಒಂದು ಗುಣ ಇವರಲ್ಲಿದೆ: ಇವರು ಲಾರಿಯನ್ನು ಓಡಿಸುತ್ತಾರೆ. ಜೂನ್ ಬಂತೆಂದರೆ ನಾರ್ಮಂಡಿಯ ರಸ್ತೆಗಳಲ್ಲಿ ಜಿಮ್ಮಿಗಳ ಸಾಲು ಹೊರಡುತ್ತದೆ. ಓಡಿಸಿದವರ ಬರಹಗಳ ದನಿಯೇ ಬೇರೆ. ಗೇರು ಬದಲಿಸಲು ಎರಡೆರಡು ಸಲ ಕ್ಲಚ್ ಒತ್ತಬೇಕು, ಎಂಜಿನ್ನಿನ ಸದ್ದು ಕೇಳಿ ಅಂದಾಜು ಹಿಡಿಯಬೇಕು. ನಮ್ಮ ಹಿಂದಿನ ತಲೆಮಾರಿನ ಲಾರಿ ಡ್ರೈವರುಗಳಿಗೆ ಗೊತ್ತಿದ್ದ ವಿದ್ಯೆ ಇದು. ಸ್ಟಿಯರಿಂಗಿಗೆ ಯಾವ ಸಹಾಯವೂ ಇಲ್ಲ, ಭುಜವೇ ಸಹಾಯ. ಗಂಟೆಗೆ 40 ಮೈಲಿ ದಾಟಿದರೆ ಪಕ್ಕದವನ ಮಾತು ಕೇಳಿಸದು. ಖಾಲಿ ಲಾರಿಯನ್ನು ಬೇಸಿಗೆಯ ಹಗಲಲ್ಲಿ ಎರಡು ಗಂಟೆ ಓಡಿಸಿ ಇಳಿದವನ ಕೈ ನಡುಗುತ್ತಿರುತ್ತದೆ. ಇಪ್ಪತ್ತರ ಹರೆಯದ ಒಬ್ಬ ಹುಡುಗ ಇದನ್ನು ಎರಡು ಪಟ್ಟು ಹೊರೆ ಹೇರಿಕೊಂಡು, ಪೆಟ್ರೋಲಿನ ಡಬ್ಬಗಳನ್ನು ಬೆನ್ನಿಗಿಟ್ಟುಕೊಂಡು, ರಾತ್ರಿಯಿಡೀ ಓಡಿಸಿದ್ದ ಎಂಬುದು ಆಗ ಅವನ ಭುಜಕ್ಕೆ ತಿಳಿಯುತ್ತದೆ. ಕೈಪಿಡಿಯಲ್ಲಾಗಲಿ, ಆ 1952ರ ಸಿನಿಮಾದಲ್ಲಾಗಲಿ ಇದು ಸಿಗುವುದಿಲ್ಲ.

ಭುಜಕ್ಕೆ ತಿಳಿದದ್ದು ಬಣ್ಣದ ಕುಂಚಕ್ಕೂ ತಿಳಿಯುತ್ತದೆಯೇ ಎನ್ನುವುದನ್ನು ನಾನು ಬಂಪರಿನಲ್ಲಿ ನೋಡುತ್ತೇನೆ. ಅಮೆರಿಕದ ಸೇನಾ ಲಾರಿಗಳ ಬಂಪರಿನ ಎಡಬದಿಗೆ ದೊಡ್ಡ ತುಕಡಿಯ ಗುರುತು, ಬಲಬದಿಗೆ ಕಂಪನಿ ಮತ್ತು ಗಾಡಿಯ ಕ್ರಮಸಂಖ್ಯೆ ಬರೆಯುತ್ತಿದ್ದರು. ಸ್ವಂತ ಲಾರಿಯ ಹಳೆಯ ಗುರುತು ಸಿಕ್ಕದಿದ್ದಾಗ ಏನು ಬರೆಯಬೇಕೆಂಬುದು ಮಾಲೀಕನ ಇಷ್ಟ. ನಾನು ನೋಡಿದ ಚಿತ್ರಗಳಲ್ಲಿ ಹೆಚ್ಚಿನವರು ಸಿನಿಮಾಗಳಿಂದ ಹೆಸರಾದ ಡಿವಿಷನ್ನುಗಳನ್ನೇ ಬರೆದಿದ್ದಾರೆ, ಪ್ಯಾರಾಶೂಟಿನವರು, ಟ್ಯಾಂಕಿನವರು. ಕೆಲವರು ಮಾತ್ರ ಕಡತ ಹುಡುಕಿ, ರೆಡ್ ಬಾಲ್‌ನಲ್ಲಿ ಓಡಿದ ಯಾವುದಾದರೂ ಕಪ್ಪು ಸೈನಿಕರ ಲಾರಿ ಕಂಪನಿಯ ನಾಲ್ಕಂಕಿಯ ಸಂಖ್ಯೆಯನ್ನು ಬರೆಸುತ್ತಾರೆ. ಮೆರವಣಿಗೆಯಲ್ಲಿ ಜನ ಹತ್ತಿರ ಬಂದು ಅದೇನು ಸಂಖ್ಯೆ ಎಂದು ಕೇಳುತ್ತಾರಂತೆ. ಲಾರಿ ನಿಲ್ಲಿಸಿ, ಎಂಜಿನ್ ಆರಿಸಿ ಹೇಳಬೇಕಾಗುತ್ತದೆ, ಸದ್ದಿನಲ್ಲಿ ಹೇಳಲಾಗದು.