ಎಂಟನೇ ಮಹಡಿಯಲ್ಲಿ ಕವಿತೆ, ಎಂಟುನೂರ ತೊಂಬತ್ತರಲ್ಲಿ ಕನ್ನಡ

ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂಗೆ 41ನೇ ಬೀದಿ ಬಂದು ಸೇರುವ ಮೂಲೆಯಲ್ಲಿ ‘ಲೈಬ್ರರಿ ಹೋಟೆಲ್’ ಇದೆ. ನಮ್ಮೂರ ಕಡೆ ಹೋಟೆಲ್ ಎಂದರೆ ಇಡ್ಲಿ ಸಿಗುವ ಜಾಗ. ಇದು ತಂಗುವ ಜಾಗ. 2000ದಲ್ಲಿ ಶುರುವಾದ ಇಲ್ಲಿ 60 ಕೋಣೆಗಳು, ಸುಮಾರು 6,000 ಪುಸ್ತಕಗಳಿವೆ. ಮೂರರಿಂದ ಹನ್ನೆರಡರವರೆಗಿನ ಮಹಡಿಗಳಿಗೆ ಡ್ಯೂಯಿ ದಶಮಾಂಶ ವರ್ಗೀಕರಣದ ಹತ್ತು ವರ್ಗಗಳ ಹೆಸರಿಟ್ಟಿದ್ದಾರೆ. ಮೂರನೆಯದು ಸಮಾಜ ವಿಜ್ಞಾನ, ನಾಲ್ಕನೆಯದು ಭಾಷೆ, ಎಂಟನೆಯದು ಸಾಹಿತ್ಯ, ಒಂಬತ್ತನೆಯದು ಚರಿತ್ರೆ. ತತ್ವಶಾಸ್ತ್ರ ಹನ್ನೊಂದರಲ್ಲಿ, ಧರ್ಮ ಆಕಾಶಕ್ಕೆ ಹತ್ತಿರವಾಗಿ ಹನ್ನೆರಡರಲ್ಲಿ. ಮಹಡಿಗೆ ಆರು ಕೋಣೆ, ಕೋಣೆಗೊಂದು ವಿಷಯ, ಆ ವಿಷಯದ್ದೇ ಪುಸ್ತಕಗಳು.

ಕಳೆದ ವರ್ಷ ಒಂದು ವಿಚಾರ ಸಂಕಿರಣಕ್ಕೆಂದು ಹೋದಾಗ ಅಲ್ಲಿ ಒಂದು ರಾತ್ರಿ ಉಳಿದೆ. ಅಲ್ಲಿನ ಒಂದು ದಿನದ ಬಾಡಿಗೆ ನನ್ನ ಒಂದು ತಿಂಗಳ ಫೆಲೋಶಿಪ್ಪಿಗೆ ಹತ್ತಿರ ಹತ್ತಿರ. ಕೊಟ್ಟವಳು ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗಳು. ‘ಪಿಎಚ್.ಡಿ. ಮುಗಿದ ಮೇಲೆ ಕೊಡಬೇಕಾದ ಉಡುಗೊರೆ. ಅದು ಯಾವಾಗ ಮುಗಿಯುತ್ತೋ ಏನೋ, ಈಗಲೇ ತಗೋ’ ಅಂದಳು. ನನಗೆ ಸಿಕ್ಕಿದ್ದು ಎಂಟನೇ ಮಹಡಿಯಲ್ಲಿ, ಕವಿತೆಯ ಕೋಣೆ.

ಇಂಥ ಜಾಗಗಳನ್ನು ಗೇಲಿ ಮಾಡುವುದು ಸುಲಭ. ಪುಸ್ತಕವನ್ನು ಗೋಡೆಯ ಬಣ್ಣದಂತೆ ಬಳಸಿದ್ದಾರೆ, ಓದನ್ನು ಮಾರಾಟಕ್ಕಿಟ್ಟಿದ್ದಾರೆ ಎಂದು ಬರೆದು ಮುಗಿಸಬಹುದು. ಆದರೆ ದೀಪ ಓದುವವರ ಹೆಗಲ ಮಟ್ಟಕ್ಕಿತ್ತು. ಕುರ್ಚಿ ಕೂತಷ್ಟು ಹೊತ್ತೂ ಹಿತವಾಗಿತ್ತು. ಇದನ್ನು ಮಾಡಿದವರಿಗೆ ಓದುವುದು ಏನೆಂದು ಗೊತ್ತಿದೆ ಅನ್ನಿಸಿತು. ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಗ್ರಂಥಾಲಯದಲ್ಲಿ ಸಂಖ್ಯೆ ಪುಸ್ತಕದ ಬೆನ್ನಿಗೆ ಅಂಟಿರುತ್ತದೆ. ಇಲ್ಲಿ ಅದು ನನ್ನ ಬಾಗಿಲಿಗೆ ಅಂಟಿತ್ತು. ವರ್ಗೀಕರಣಗೊಂಡದ್ದು ನಾನು. ಹಾಗಾದಾಗಲೇ ಈ ವ್ಯವಸ್ಥೆ ಯಾರನ್ನು ಎಲ್ಲಿ ಕೂರಿಸುತ್ತದೆ ಎಂಬ ಪ್ರಶ್ನೆ ನಿದ್ದೆಗೆ ಅಡ್ಡ ಬಂದದ್ದು.

ಅಕ್ಕಮಹಾದೇವಿ ಈ ಹೋಟೆಲಿಗೆ ಬಂದರೆ ಯಾವ ಕೋಣೆಯ ಕೀಲಿ ಕೊಡುತ್ತಾರೆ? ಕವಿತೆಯದೋ, ಹನ್ನೆರಡನೇ ಮಹಡಿಯಲ್ಲಿ ಧರ್ಮದ್ದೋ? ಶೃಂಗಾರ ಸಾಹಿತ್ಯಕ್ಕೂ ಇಲ್ಲೊಂದು ಕೋಣೆಯಿದೆ, ಅದಕ್ಕೆ ತುಂಬ ಬೇಡಿಕೆಯಂತೆ. ವಚನದಲ್ಲಿ ಮೂರೂ ಒಂದೇ ಉಸಿರಿನಲ್ಲಿವೆ. ಮನೆಯನ್ನೇ ಬಿಟ್ಟು ಹೊರಟವಳಿಗೆ ಕೋಣೆ ಹುಡುಕುವುದೇ ತಮಾಷೆ ನಿಜ. ಆದರೆ ನಮ್ಮ ಗ್ರಂಥಾಲಯದ ನೌಕರ ದಿನವೂ ಮಾಡುವ ಕೆಲಸ ಅದೇ. ಒಂದು ಪುಸ್ತಕ ಒಂದೇ ಜಾಗದಲ್ಲಿ ಇರಬಲ್ಲದು. ಅವನು ಆರಿಸಲೇಬೇಕು.

ಮೆಲ್ವಿಲ್ ಡ್ಯೂಯಿ ತನ್ನ ಪದ್ಧತಿಯನ್ನು 1876ರಲ್ಲಿ ಪ್ರಕಟಿಸಿದಾಗ ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ, ಈಗಿನ ನನಗಿಂತ ಚಿಕ್ಕವನು. ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತ ಜ್ಞಾನವನ್ನೆಲ್ಲ ಹತ್ತು ಪೆಟ್ಟಿಗೆಗೆ ಹಾಕಿದ. ಕಿರಿಯ ಸಂಶೋಧಕಳಾಗಿ ಆ ಧೈರ್ಯಕ್ಕೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಪೆಟ್ಟಿಗೆಗಳ ಅಳತೆ ಅವನ ಊರಿನದು. ಧರ್ಮದ 200ರಲ್ಲಿ 220ರಿಂದ 280ರವರೆಗಿನ ಏಳು ಭಾಗ ಬೈಬಲ್ಲಿಗೆ ಮತ್ತು ಕ್ರೈಸ್ತ ಧರ್ಮಕ್ಕೆ. ಲೋಕದ ಮಿಕ್ಕೆಲ್ಲ ಧರ್ಮಗಳಿಗೆ 290. ಸಾಹಿತ್ಯದ 800ರಲ್ಲಿ ಅಮೆರಿಕದ ಇಂಗ್ಲಿಷಿಗೆ 810, ಇಂಗ್ಲಿಷಿಗೆ 820, ಆಮೇಲೆ ಯುರೋಪಿನ ಭಾಷೆಗಳು. ಎಲ್ಲ ಮುಗಿದ ಮೇಲೆ ‘ಇತರೆ’ ಎಂಬ 890. ಅದರೊಳಗೆ ದ್ರಾವಿಡ ಭಾಷೆಗಳು, ಅದರೊಳಗೆ ಕನ್ನಡ: 894.814. ಇಂಗ್ಲಿಷ್ ಕಾದಂಬರಿಗೆ 823 ಎಂದರೆ ಸಾಕು, ಕನ್ನಡ ಕಾದಂಬರಿಗೆ 894.8143 ಎನ್ನಬೇಕು. ಮೂರು ಅಂಕಿ, ಏಳು ಅಂಕಿ.

ಇದನ್ನು ಬರೀ ಅಂಕಿಗಳ ಜಗಳ ಎನ್ನುವಂತಿಲ್ಲ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿಯಾಗಿದ್ದ ಡೊರೊಥಿ ಪೋರ್ಟರ್ ನೋಡಿದ್ದೇನೆಂದರೆ, ಕಪ್ಪು ಲೇಖಕರು ಬರೆದದ್ದು ಕವಿತೆಯಾಗಲಿ ಬೇರೇನೇ ಆಗಲಿ, ಗ್ರಂಥಾಲಯಗಳು ಅದನ್ನು ವಲಸೆಯ 325ಕ್ಕೋ ಗುಲಾಮಗಿರಿಯ 326ಕ್ಕೋ ತಳ್ಳುತ್ತಿದ್ದವು. ಆಕೆ ಅದನ್ನು ಒಪ್ಪಲಿಲ್ಲ. ಕವಿಯನ್ನು ಕವಿತೆಯ ಜಾಗಕ್ಕೆ, ಇತಿಹಾಸಕಾರನನ್ನು ಇತಿಹಾಸದ ಜಾಗಕ್ಕೆ ತಂದು ಕೂರಿಸಿದಳು. ನನಗೆ ಇದು ವಿಮರ್ಶೆಯ ಕೆಲಸವಾಗಿಯೇ ಕಾಣುತ್ತದೆ. ಕೃತಿಯೊಂದು ಏನು ಎಂದು ಹೇಳುವ ಮೊದಲ ವಿಮರ್ಶಕ, ಅದನ್ನು ಕಪಾಟಿಗೆ ಇಡುವವನು.

ಈ ಪದ್ಧತಿಗೊಬ್ಬ ಒಡೆಯನೂ ಇದ್ದಾನೆ. ಡ್ಯೂಯಿ ವರ್ಗೀಕರಣದ ಹಕ್ಕು ಹೊಂದಿರುವ ಓಸಿಎಲ್‌ಸಿ ಎಂಬ ಗ್ರಂಥಾಲಯ ಸಂಸ್ಥೆ 2003ರಲ್ಲಿ ಈ ಹೋಟೆಲಿನ ಮೇಲೆ ಟ್ರೇಡ್‌ಮಾರ್ಕ್ ಮೊಕದ್ದಮೆ ಹೂಡಿತು. ಅದೇ ವರ್ಷ ರಾಜಿಯಾಯಿತು. ಹೋಟೆಲಿಗೆ ಬಳಸಲು ಅನುಮತಿ ಸಿಕ್ಕಿತು, ಮಕ್ಕಳಲ್ಲಿ ಓದು ಬೆಳೆಸುವ ಸಂಸ್ಥೆಯೊಂದಕ್ಕೆ ಹೋಟೆಲು ದೇಣಿಗೆ ಕೊಟ್ಟಿತು. ಸಂಖ್ಯೆಗಳು ಗಾಳಿ ಬೆಳಕಿನಂತೆ ಎಲ್ಲರವೂ ಎಂದುಕೊಂಡಿದ್ದ ನಮಗೆ ಈ ಪ್ರಕರಣ ಒಂದು ಪಾಠ. ಬೆಲೆಬಾಳುವ ಹಾಸಿಗೆಯ ಪಕ್ಕಕ್ಕೆ ಬಂದಾಗ ಕಣ್ಣಿಗೆ ಬಿದ್ದ ಒಡೆತನ, ಕಪಾಟಿನ ಪಕ್ಕದಲ್ಲೂ ಇದ್ದೇ ಇತ್ತು.

ನನ್ನ ಸಂಶೋಧನೆ ಕನ್ನಡದ ಪ್ರವಾಸ ಕಥನಗಳ ಮೇಲೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಅಮೆರಿಕದ ಪ್ರವಾಸ ಎಂದರೆ 917.3ಕ್ಕೆ ಹೋಗಬೇಕು, ಕನ್ನಡದ ಪ್ರಬಂಧ ಎಂದರೆ 894.8144ಕ್ಕೆ. ಮೊದಲನೆಯದಾದರೆ ಅದು ಅಮೆರಿಕದ ಬಗೆಗಿನ ಮಾಹಿತಿ. ಎರಡನೆಯದಾದರೆ ಗೊರೂರರ ಗದ್ಯ. ಇಂಥ ಪುಸ್ತಕಗಳನ್ನು ಒಂದು ಗ್ರಂಥಾಲಯದಲ್ಲಿ ಭೂಗೋಳದ ಅಟ್ಲಾಸುಗಳ ಪಕ್ಕ, ಇನ್ನೊಂದರಲ್ಲಿ ಲಲಿತ ಪ್ರಬಂಧಗಳ ನಡುವೆ ಹುಡುಕಿ ತೆಗೆದಿದ್ದೇನೆ. ಆರು ತಿಂಗಳು ‘ಇಲ್ಲ’ ಎಂದುಕೊಂಡಿದ್ದ ಪುಸ್ತಕ ಎರಡು ಸಾಲು ಆಚೆ ಇತ್ತು. ಪ್ರವಾಸ ಕಥನ ಕನ್ನಡ ವಿಮರ್ಶೆಯಲ್ಲಿ ಬಡವಾದದ್ದಕ್ಕೆ ಅದು ಸಾಹಿತ್ಯದ ಸಾಲಿನಲ್ಲಿ ಕಣ್ಣಿಗೆ ಬೀಳದೆ ಹೋದದ್ದೂ ಒಂದು ಕಾರಣವಿರಬಹುದೇ ಎಂಬುದು ನನ್ನ ಪ್ರಬಂಧದ ಒಂದು ಪ್ರಶ್ನೆ.

ಹಾಗೆಂದು ಎಲ್ಲವನ್ನೂ ಡ್ಯೂಯಿಯ ತಲೆಗೆ ಕಟ್ಟುವುದು ಸೋಮಾರಿತನ. ಸ್ಥಳೀಯ ಭಾಷೆಯ ಸಾಹಿತ್ಯಕ್ಕೆ ಮೊದಲ ಜಾಗ, ಚಿಕ್ಕ ಸಂಖ್ಯೆ ಕೊಟ್ಟುಕೊಳ್ಳಲು ಅವನ ಪದ್ಧತಿಯ ಈಚಿನ ಆವೃತ್ತಿಗಳಲ್ಲೇ ಅವಕಾಶವಿದೆ. ಎಸ್.ಆರ್. ರಂಗನಾಥನ್ ಇನ್ನೂ ಮುಂದೆ ಹೋಗಿದ್ದರು. 1933ರ ಅವರ ಕೋಲನ್ ವರ್ಗೀಕರಣದಲ್ಲಿ ಸಿದ್ಧ ಪೆಟ್ಟಿಗೆಗಳಿಲ್ಲ. ಪುಸ್ತಕದ ಹಲವು ಮುಖಗಳನ್ನು ಜೋಡಿಸಿ ಸಂಖ್ಯೆ ಕಟ್ಟಬೇಕು. ಗ್ರಂಥಾಲಯ ತನ್ನ ಮೆಚ್ಚಿನ ಭಾಷೆಗೆ ಅಂಕಿಯನ್ನೇ ಬಿಟ್ಟು ಒಂದು ಗೆರೆ ಎಳೆದರೆ ಸಾಕು. ಅವರು ಕಡೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಆದರೂ ನಾನು ಅಲೆದ ಕನ್ನಡ ನಾಡಿನ ಗ್ರಂಥಾಲಯಗಳಲ್ಲಿ ಸಾಲು ಸಾಲು ಪುಸ್ತಕದ ಬೆನ್ನ ಮೇಲೆ ಅದೇ 894.814. ಎಲ್ಲ ಪುಸ್ತಕಕ್ಕೂ ಒಂದೇ ಆರಂಭವಿದ್ದರೆ ಆ ಆರು ಅಂಕಿ ಯಾವ ಪುಸ್ತಕವನ್ನೂ ಹುಡುಕಿಕೊಡುವುದಿಲ್ಲ. ಆಮ್ಹರ್ಸ್ಟಿನಿಂದ ನಾವು ಎಷ್ಟು ದೂರವಿದ್ದೇವೆ ಎಂದಷ್ಟೇ ಹೇಳುತ್ತದೆ. ನಮ್ಮ ಮನೆಯೊಳಗೇ ನಾವು ನಮ್ಮನ್ನು ‘ಇತರೆ’ ಎಂದು ಬರೆದುಕೊಂಡಿದ್ದೇವೆ. ಹೋಟೆಲಿನವರು ಡ್ಯೂಯಿಯನ್ನು ಅಲಂಕಾರಕ್ಕೆ ತಂದರು, ಅದು ಆಟವೆಂದು ಅವರಿಗೆ ಗೊತ್ತು. ನಾವು ಅಭ್ಯಾಸಬಲದಿಂದ ತಂದೆವು. ಯಾವುದು ಹೆಚ್ಚು ಅಪಾಯ?

ರಾತ್ರಿ ಕಪಾಟಿನಿಂದ ತೆಗೆದ ಕವಿತಾ ಸಂಕಲನದಲ್ಲಿ, ನಡುವಿನ ಪುಟವೊಂದರಲ್ಲಿ ಯಾರೋ ರೈಲಿನ ಟಿಕೆಟ್ ಇಟ್ಟು ನಿಲ್ಲಿಸಿದ್ದರು. ನಾನು ಅದನ್ನು ದಾಟಿ ನಲವತ್ತು ಪುಟ ಹೋದೆ. ಬೆಳಿಗ್ಗೆ ಅಕ್ಕನ ಫೋನು.

‘ಏನೇ, ನಿದ್ದೆ ಮಾಡಿದ್ಯಾ, ಇಲ್ಲಾ ರಾತ್ರಿಯೆಲ್ಲ ಓದಿದ್ಯಾ?’

‘ಅರ್ಧ ಓದಿದೆ ಅಕ್ಕ. ಮಧ್ಯಾಹ್ನ ರೂಮು ಖಾಲಿ ಮಾಡಬೇಕು.’

‘ಬ್ಯಾಗಿಗೆ ಹಾಕ್ಕೊಂಡು ಬಾ ಅಂತ ನಾನಂತೂ ಹೇಳಲ್ಲ.’

ಟಿಕೆಟನ್ನು ನನ್ನ ಪುಟಕ್ಕೆ ಸರಿಸಲಿಲ್ಲ. ಅದು ಇದ್ದಲ್ಲೇ ಇಟ್ಟು, ನನ್ನ ಪುಟಕ್ಕೆ ಕಾಫಿಯ ರಸೀದಿ ಇಟ್ಟು ಬಂದೆ. ಹೋಟೆಲಿನ ಓದಿಗೆ ಗಡಿಯಾರವಿದೆ. ಅದು ಯಾರ ತಪ್ಪೂ ಅಲ್ಲ, ಆ ವ್ಯಾಪಾರದ ಸ್ವಭಾವ. ಹೊರಗೆ 41ನೇ ಬೀದಿಯ ಕಾಲುದಾರಿಯಲ್ಲಿ ಲೇಖಕರ ಮಾತುಗಳ ಕಂಚಿನ ಫಲಕಗಳನ್ನು ಹೂತಿದ್ದಾರೆ. ಅವುಗಳ ಮೇಲೆ ಹೆಜ್ಜೆಯಿಟ್ಟು ಒಂದು ಬ್ಲಾಕು ನಡೆದರೆ ಎದುರಿಗೆ 1911ರಲ್ಲಿ ಬಾಗಿಲು ತೆರೆದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ, ಅದರ ಎರಡು ಕಲ್ಲು ಸಿಂಹಗಳು. ಅಲ್ಲಿ ಒಳಗೆ ಹೋಗಲು ದುಡ್ಡಿಲ್ಲ. ಅರ್ಧಕ್ಕೆ ಬಿಟ್ಟದ್ದನ್ನು ನಾಳೆ ಬಂದು ಮುಂದುವರಿಸಬಹುದು. ಹೋಟೆಲು ತನ್ನ ಹೆಸರನ್ನು ಎರವಲು ಪಡೆದದ್ದು ಇಂಥ ಜಾಗದಿಂದ, ಆದರೆ ಈ ‘ನಾಳೆ’ಯನ್ನು ಎರವಲು ಪಡೆಯಲು ಆಗಲಿಲ್ಲ.

ಊರಿಗೆ ಬಂದ ವಾರವೇ ನಮ್ಮ ವಿಭಾಗದ ಗ್ರಂಥಾಲಯಕ್ಕೆ ಹೋಗಿ, ಎರಡು ಕಡೆ ಚದುರಿರುವ ಪ್ರವಾಸ ಕಥನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡತೊಡಗಿದೆ. ಗ್ರಂಥಪಾಲಕರು ‘ಮುಗಿದ ಮೇಲೆ ಒಂದು ಪ್ರತಿ ಇಲ್ಲಿ ಕೊಡಮ್ಮ, ಕೌಂಟರಿನಲ್ಲಿ ಇಟ್ಟಿರ್ತೀನಿ’ ಎಂದಿದ್ದಾರೆ. ಇದುವರೆಗೆ 63 ಪುಸ್ತಕಗಳಾಗಿವೆ.